ಗಡ್ಡವಿದ್ದ ಪಾಪ

ಯಾರಾದರೂ ಬಹಳ ದಿನ ಕಾಯುತ್ತಿದ್ದರೆ ಅವರ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ. ನಮ್ಮಲ್ಲಿ ಅದು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಆಗುತ್ತಿತ್ತು.

ಮೊದಲು ವಿವರ ಹೇಳುತ್ತೇನೆ. ನನ್ನ ಅವ್ವ ಚಳ್ಳಕೆರೆಯ ಒಂದು ಮಕ್ಕಳ ಮನೆಯಲ್ಲಿ ಆಯಾ. ಅಲ್ಲಿ ಐದು ದಾಟಿದ ಒಬ್ಬ ಹುಡುಗಿ ಇದ್ದಳು. ಎಲ್ಲರೂ ಪುಟ್ಟಿ ಅನ್ನುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವ ಅಜ್ಜಿಯೊಬ್ಬರು ಅವಳನ್ನು ಸಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಇಲ್ಲಿಗೆ ಬಂದಳು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅವಳನ್ನು ದತ್ತು ಪಡೆಯಲು ಇಟಲಿಯ ಗಂಡ ಹೆಂಡತಿ ಕಾಯುತ್ತಿದ್ದರು. ಫೋಟೋ ನೋಡಿ ಒಪ್ಪಿಯಾಗಿತ್ತು. ಕಾಗದಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಎಲ್ಲ ಮುಗಿದ ಮೇಲೂ ಒಂದು ಬಾಕಿ: ಕೊನೆಯಲ್ಲಿ ಅಧಿಕಾರಿಯೊಬ್ಬರು ಹುಡುಗಿಯನ್ನೇ ಕೇಳುತ್ತಾರೆ, ಹೋಗ್ತೀಯಾ ಅಂತ. ಅವಳು ಇಲ್ಲ ಅಂದರೆ, ಅಥವಾ ಸುಮ್ಮನೆ ನಿಂತರೆ, ಕಡತ ಮತ್ತೆ ಮೊದಲಿಗೆ.

ಹೊಸಬರ ಮುಂದೆ ಸುಮ್ಮನೆ ನಿಲ್ಲುವುದರಲ್ಲಿ ಪುಟ್ಟಿಯನ್ನು ಮೀರಿಸುವವರು ಇರಲಿಲ್ಲ.

ಸೈನ್ಸ್ ಓದಿದವಳು

ನಾನು ಕುದಾಪುರದ ಒಂದು ಸಂಶೋಧನಾ ಕೇಂದ್ರದಲ್ಲಿ ಸಹಾಯಕಿ. ಗಾಳಿಯ ವೇಗ, ಬಿಸಿಲಿನ ಪ್ರಮಾಣ ಬರೆದಿಡುವುದು ನನ್ನ ಕೆಲಸ. ಸುತ್ತ ಹುಲ್ಲಿನ ಬಯಲು, ನಮ್ಮ ಕಡೆ ಕಾವಲು ಅನ್ನುತ್ತಾರೆ. ಮಧ್ಯಾಹ್ನದ ಗಾಳಿಗೆ ಹುಲ್ಲೆಲ್ಲ ಒಂದೇ ಕಡೆ ಬಾಗಿ, ನಿಧಾನವಾಗಿ ಏಳುತ್ತದೆ. ಅದನ್ನು ನೋಡುತ್ತ ಕೂತರೆ ಅಳೆಯುವುದು ಮರೆತುಹೋಗುತ್ತದೆ.

ಮಕ್ಕಳ ಮನೆಯ ಮೇಲ್ವಿಚಾರಕಿ ಮೇಡಂ ಒಂದು ದಿನ ಅವ್ವನನ್ನು ಕೇಳಿದರಂತೆ, "ನಿಮ್ಮ ಮಗಳು ಸೈನ್ಸ್ ಓದಿದಾಳಲ್ಲ, ಇಟಲಿ ಭಾಷೆ ಬರುತ್ತಾ?"

"ಬರ್ತೈತೆ ಮೇಡಂ," ಅಂದಿದ್ದಾಳೆ ಅವ್ವ.

ಮನೆಯಲ್ಲಿ ನಾನು ಹೇಳಿದೆ, "ಅವ್ವ, ನಂಗೆ ಒಂದಕ್ಷರ ಬರಲ್ಲ."

"ಕಾಲೇಜಿಗೆ ಹೋಗೋ ಮೊದ್ಲು ಕಪ್ಪೆ ಕೊಯ್ಯಾಕೆ ಬರ್ತಿತ್ತಾ?"

"ಇಲ್ಲ."

"ಕಲ್ತ್ಯಲ್ಲ. ಇದು ಕಪ್ಪೆಗಿಂತ ಸಲೀಸು. ಕೊಯ್ದ್ರೆ ಒದ್ದಾಡಾಕಿಲ್ಲ."

ಹೀಗೆ ನಾನು ದುಭಾಷಿಯಾದೆ. ಇಟಲಿಯ ಆ ಹೆಂಡತಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಅಷ್ಟರ ಮೇಲೆ ಕೆಲಸ ನಡೆಯಿತು.

ಪಾಪ

ಮೊದಲ ವಿಡಿಯೊ ಕರೆ. ಪರದೆಯ ತುಂಬ ಒಬ್ಬ ದೊಡ್ಡ ಮನುಷ್ಯ, ಎದೆಯವರೆಗೆ ಗಡ್ಡ. ಬ್ರೆಡ್ ಸುಡುವ ಅಂಗಡಿ ಅವರದು. ಪಕ್ಕದಲ್ಲಿ ತೆಳ್ಳನೆಯ ಹೆಂಡತಿ. ಗಂಡ ತಮ್ಮ ಎದೆ ಮುಟ್ಟಿಕೊಂಡು, "ಪಾಪಾ, ಪಾಪಾ," ಅಂದರು.

ಪುಟ್ಟಿ ಅವ್ವನ ಸೆರಗಿನ ಹಿಂದೆ ಹೋದಳು. ಅವ್ವ ಪರದೆಯತ್ತ ಬಗ್ಗಿ, "ಪಾಪ, ಎದೆನೋವಾ? ಯಾವಾಗಿಂದ?" ಅಂತ ಕೇಳಿದಳು.

ಅವರ ಭಾಷೆಯಲ್ಲಿ ಅಪ್ಪನಿಗೆ ಹಾಗೆ ಅನ್ನುತ್ತಾರೆ ಎಂದು ವಿವರಿಸಿದೆ. ತಡವಾಗಿತ್ತು. ತೆಲುಗಿನಲ್ಲಿ ಪಾಪ ಅಂದರೆ ಎಳೆಕೂಸು. ಪುಟ್ಟಿ ಸೆರಗು ಸರಿಸಿ ತುಂಬ ಹೊತ್ತು ನೋಡಿದಳು.

"ಪೆದ್ದ ಪಾಪ," ಅಂದಳು. ಅಂದರೆ ದೊಡ್ಡ ಕೂಸು.

ಮೇಡಂ ಮೈಸೂರಿನವರು, ತೆಲುಗು ಬಾರದು. "ಹಿರಿಯರನ್ನ ಪೆದ್ದ ಅನ್ನಬಾರದು ಪುಟ್ಟಿ," ಅಂತ ಗದರಿದರು.

ಪುಟ್ಟಿ ನನ್ನ ಕಿವಿಯಲ್ಲಿ ಕೇಳಿದಳು, "ಅಕ್ಕ, ಅದು ಹಾಲು ಕುಡೀತದಾ?"

ನಾನು ಯಥಾವತ್ತಾಗಿ ಅನುವಾದಿಸಿದೆ. ಆ ದೊಡ್ಡ ಮನುಷ್ಯನಿಗೆ ಬಹಳ ಸಂತೋಷವಾಯಿತು. ಹುಡುಗಿ ಕೇಳಿದ ಮೊದಲ ಪ್ರಶ್ನೆ. ಎದ್ದು ಹೋಗಿ ತಮ್ಮ ಬೆಳಗಿನ ಹಾಲಿನ ಬಟ್ಟಲು ತಂದು ತೋರಿಸಿದರು. ಬಟ್ಟಲಿನ ಮೇಲೆ ಮೊಲದ ಚಿತ್ರವಿತ್ತು.

ಪುಟ್ಟಿ ಮೇಡಂ ಕಡೆ ತಿರುಗಿ, "ನೋಡ್ರಿ," ಅಂದಳು.

ಕಸ

ಮೂರನೇ ವಾರ ಮನೆ ತೋರಿಸಿದರು. ಫೋನ್ ಹಿಡಿದು ಬಾಗಿಲು ಬಾಗಿಲು ತೆರೆಯುತ್ತ ಹೋದರು. ಕೊನೆಯ ಕೋಣೆಯಲ್ಲಿ ಒಂದು ಚಿಕ್ಕ ಮಂಚ, ಕಿಟಕಿ, ಕಿಟಕಿಯಾಚೆ ಮಂಜಿನಲ್ಲಿ ಅರ್ಧ ಕರಗಿದ ಬೆಟ್ಟ. ನಮ್ಮ ಕೋಣೆಯ ಹೊರಗೆ ಬಿಸಿಲು ಸುಡುತ್ತಿತ್ತು. ಆ ಬೆಟ್ಟ ನೋಡಿ ನನಗೆ ನಿಜವಾಗಿ ಚಳಿಯಾಯಿತು.

ಹೆಂಡತಿ ಸುತ್ತಲೂ ಕೈ ಆಡಿಸಿ ಮೆಲ್ಲಗೆ, "ಕಾಸಾ," ಅಂದರು. ಮನೆ ಅಂತ ಅರ್ಥ.

ಪುಟ್ಟಿ ಕೇಳಿಸಿಕೊಂಡದ್ದು ಬೇರೆ. ಮಂಚದ ಕೆಳಗೆ, ಮೂಲೆಯಲ್ಲಿ ಕಣ್ಣಾಡಿಸಿ, "ಎಲ್ಲೈತೆ ಕಸ?" ಅಂದಳು.

ಮುಂದಿನ ಶನಿವಾರ ಅವಳೇ ಪೊರಕೆ ತಂದಳು. ಹೇಗೆ ಹಿಡಿಯಬೇಕು, ಹೇಗೆ ಬಗ್ಗಬೇಕು, ಮೂಲೆಯಿಂದ ಹೇಗೆ ಎಳೆಯಬೇಕು, ಎಲ್ಲ ಕ್ಯಾಮೆರಾದ ಮುಂದೆ ಮಾಡಿ ತೋರಿಸಿದಳು. ಅಷ್ಟು ದಿನದಲ್ಲಿ ಅವರಿಗಾಗಿ ಅವಳು ಮಾಡಿದ ಮೊದಲ ಕೆಲಸ ಅದು. ಹೆಂಡತಿ ಕಣ್ಣೊರೆಸಿಕೊಂಡರು. ಇದು ನಿಮ್ಮ ಊರಿನ ಪದ್ಧತಿಯೇ ಎಂದು ಕೇಳಿದರು. ಹೌದು, ದಿನಾ ಮಾಡುತ್ತೇವೆ ಅಂದೆ.

ಅದರ ಮುಂದಿನ ವಾರ ಅವರ ಬೈಠಕ್ ಕೋಣೆಯ ಗೋಡೆಯ ಮೇಲೆ, ಮದುವೆಯ ಫೋಟೋ ಪಕ್ಕದಲ್ಲಿ, ಹೊಸ ಪೊರಕೆಯೊಂದು ಕೆಂಪು ರಿಬ್ಬನ್ ಕಟ್ಟಿಸಿಕೊಂಡು ನೇತಾಡುತ್ತಿತ್ತು.

ಅವ್ವ ಮೆಚ್ಚಿದಳು. "ನಾವು ಲಕ್ಷ್ಮಿ ಅಂತ ಬಾಯಲ್ಲಿ ಹೇಳಿ ಬಾಗಿಲ ಹಿಂದೆ ಒಗಿತೀವಿ. ಮರ್ಯಾದಿ ಕೊಡೋದು ಅವರನ್ನ ನೋಡಿ ಕಲೀಬೇಕು."

ಮಗ್ಗದ ಸದ್ದು

ಪುಟ್ಟಿಗೆ ನಿದ್ದೆ ಬರಬೇಕಾದರೆ ಮಗ್ಗದ ಸದ್ದು ಬೇಕು. ಮಗ್ಗದ ಪಕ್ಕದ ತೊಟ್ಟಿಲಲ್ಲಿ ಬೆಳೆದವಳು. ಇಲ್ಲಿ ಅವ್ವ ಸೌಟಿನ ಹಿಡಿಯಿಂದ ಮಂಚದ ಪಟ್ಟಿಗೆ ಬಡಿದು ಮಲಗಿಸುತ್ತಿದ್ದಳು. ಟಕ್ ಟಕ್, ಸ್ವಲ್ಪ ಬಿಟ್ಟು ಟಕ್.

ಇಟಲಿಯಿಂದ ಪ್ರಶ್ನೆ ಬಂತು: ಮಲಗಿಸುವುದು ಹೇಗೆ?

ಇದು ನನ್ನ ವಿಷಯ. ಮೂರು ದಿನ ಸ್ಟಾಪ್‌ವಾಚ್ ಹಿಡಿದು ಅವ್ವನ ಸೌಟನ್ನು ಅಳೆದೆ. ಸರಾಸರಿ ತೆಗೆದೆ. ನಕ್ಷೆ ಬಿಡಿಸಿ ಕಳಿಸಿದೆ. ಅವ್ವ, "ನನ್ನ ಕೈಗೂ ಪರೀಕ್ಷೆನಾ?" ಅಂದಳು.

ಅಲ್ಲಿ ಗಂಡ ಮರದ ಚಮಚದಿಂದ ಮೇಜು ಬಡಿದು ಧ್ವನಿಮುದ್ರಿಸಿ ಕಳಿಸಿದರು. ನನ್ನ ನಕ್ಷೆಗೆ ಸರಿಯಾಗಿ ಹೊಂದುತ್ತಿತ್ತು. ಪುಟ್ಟಿ ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದಳು.

"ಇದು ಮಗ್ಗ ಅಲ್ಲ. ಯಾರೋ ಬಾಗಿಲು ಬಡೀತಾವ್ರೆ. ತೆಗೀರಿ."

ಅವರು ಬಿಡಲಿಲ್ಲ. ಹಿಟ್ಟು ನಾದುವ ಹಲಗೆಯ ಮೇಲೆ ಬಟ್ಟೆ ಹಾಸಿ ಬಡಿದರು. ತಿಂಗಳು ಕಳೆಯಿತು. ಒಂದು ಶನಿವಾರ ಕರೆಯಲ್ಲೇ ಶುರುಮಾಡಿದರು. ಟಕ್ ಟಕ್, ಸ್ವಲ್ಪ ಬಿಟ್ಟು ಟಕ್. ಕಿಟಕಿಯ ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಪುಟ್ಟಿ ಕಣ್ಣು ಮುಚ್ಚಿದಳು. ಅವಳ ತಲೆ ನನ್ನ ತೊಡೆಯ ಮೇಲೆ ಭಾರವಾಯಿತು.

ನನಗೆ ಎಚ್ಚರವಾದಾಗ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿತ್ತು. ಪುಟ್ಟಿ ಮಲಗಿದ್ದಳು. ಅವ್ವ ಗೋಡೆಗೆ ಒರಗಿ ಮಲಗಿದ್ದಳು. ಮೇಡಂ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ವಿಡಿಯೊದಲ್ಲಿ ಗಂಡ ಹೆಂಡತಿ ಇಬ್ಬರೂ ಕೆನ್ನೆಗೆ ಕೈ ಕೊಟ್ಟು, ನಮ್ಮ ನಾಲ್ವರನ್ನೂ ನೋಡುತ್ತ ಕೂತಿದ್ದರು. ಗಂಡ ಇನ್ನೊಂದು ಕೈಯಲ್ಲಿ ಇನ್ನೂ ಬಡಿಯುತ್ತಿದ್ದರು.

ಪ್ರತಿ ಕರೆಗೂ ವರದಿ ಬರೆಯಬೇಕು. ಬರೆದೆ: "ಅವಧಿ ಒಂದು ಗಂಟೆ ಮೂವತ್ತೈದು ನಿಮಿಷ. ಎರಡೂ ಕಡೆಯವರು ಮನಬಿಚ್ಚಿ ಮಾತಾಡಿದರು."

ವಾಸನೆ

ಕುದಾಪುರದ ಬಸ್ಸಿನಲ್ಲಿ ಒಬ್ಬ ಕುರಿ ಕಾಯುವ ತಾತ ಸಿಗುತ್ತಿದ್ದರು. ಕತೆಯೆಲ್ಲ ಗೊತ್ತಿತ್ತು ಅವರಿಗೆ. ಹತ್ತಿದ ಕೂಡಲೇ, "ಬಂದ್ರೇನವ್ವ ನಿಮ್ಮ ಇಟಲಿಯೋರು?"

"ಇನ್ನೂ ಇಲ್ಲ ತಾತ. ಕಾಗದ ಬರ್ಬೇಕು."

"ಕಾಗದ ಬರ್ತೈತೆ ಬಿಡು. ಮರಿ ಒಪ್ತೈತಾ?"

"ಅದೇ ಗೊತ್ತಿಲ್ಲ."

ತಾತ ವಿಚಾರ ಮಾಡಿದರು. "ತಾಯಿ ಸತ್ತ ಮರೀನ ಬ್ಯಾರೆ ಕುರಿಗೆ ಬಿಡ್ಬೇಕಾದ್ರೆ ಮೊದ್ಲು ವಾಸ್ನೆ ಹತ್ತಿಸ್ತೀವಿ. ಅವರು ಮೈಮ್ಯಾಲೆ ಹಾಕ್ಕೊಂಡ ಬಟ್ಟಿ ತರ್ಸು. ಹುಡುಗಿಗೆ ಹೊದಿಸು."

ಪರೀಕ್ಷಿಸಬಹುದಾದ ಊಹೆ ಅನ್ನಿಸಿತು. ಇಟಲಿಗೆ ಬರೆದೆ: ದಯವಿಟ್ಟು ನೀವು ತೊಟ್ಟ ಬಟ್ಟೆ ಕಳಿಸಿ. ಯಾಕೆ ಅಂತಲೂ ಕೇಳಲಿಲ್ಲ ಅವರು. ಪಾರ್ಸೆಲ್ ಬಂತು. ಎರಡು ಸ್ವೆಟರ್. ಒಗೆದು, ಇಸ್ತ್ರಿ ಹಾಕಿ, ಮಡಿಕೆಯಲ್ಲಿ ಒಣಗಿದ ನೀಲಿ ಹೂವಿಟ್ಟಿದ್ದರು.

ಒಂದನ್ನು ಬಸ್ಸಿಗೆ ಒಯ್ದು ತಾತನಿಗೆ ಕೊಟ್ಟೆ. ಮೂಗಿಗೆ ಹಿಡಿದು, ಉಸಿರೆಳೆದು, ವಾಪಸ್ ಕೊಟ್ಟರು.

"ಸೋಪಿನ ಅಂಗಡಿ. ಇದನ್ನ ಹೊದಿಸಿದ್ರೆ ಹುಡುಗಿ ಅಂಗಡಿಗೆ ಹೊಂದ್ಕೊಂತೈತೆ, ಮನುಷ್ಯರಿಗಲ್ಲ."

ಖಾರ

ಕೊನೆಗೂ ಬಂದರು. ಎರಡು ವಿಮಾನ, ಒಂದು ರೈಲು, ಒಂದು ಬಾಡಿಗೆ ಕಾರು. ಬೆವರಿಗೆ ಅಂಗಿ ಮೈಗಂಟಿತ್ತು. ಮೇಡಂ, "ಮೊದಲು ಸ್ನಾನ ಮಾಡಲಿ, ಆಮೇಲೆ ಹುಡುಗಿಯನ್ನ ನೋಡಲಿ," ಅಂದರು.

"ಬೇಡ ಮೇಡಂ," ಅಂದೆ. "ಹೀಗೇ ಬರ್ಲಿ. ಈಗ ಸರಿಯಾಗಿದೆ."

ಮೇಡಂ ನನ್ನನ್ನು ನೋಡಿದ ರೀತಿ ನೋಡಿ ಅವ್ವ, "ಸೈನ್ಸ್ ಓದಿದಾಳೆ, ಬಿಡ್ರಿ," ಅಂದಳು.

ಅವ್ವ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದಳು. ತಟ್ಟೆ ಮುಂದಿಟ್ಟಳು. ಆ ಹೆಂಗಸು ತಟ್ಟೆ ನೋಡಲೇ ಇಲ್ಲ. ಪುಟ್ಟಿಯ ಮುಂದೆ ಮಂಡಿಯೂರಿ, ಮುಟ್ಟಲು ಧೈರ್ಯವಿಲ್ಲದೆ ಕೈ ಹಿಂದಕ್ಕೆ ಹಿಡಿದು, "ಕಾರಾ," ಅಂದರು. ಮತ್ತೆ ಮತ್ತೆ, "ಕಾರಾ, ಕಾರಾ."

ಮುದ್ದು ಅಂತ ಅರ್ಥ. ಹೇಳಲು ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಡುಗೆಮನೆಗೆ ಓಡಿದ್ದಳು. "ಇನ್ನೂ ತಿಂದೇ ಇಲ್ಲ, ಆಗ್ಲೇ ಕಾರ ಅಂತೈತೆ. ಬರೀ ವಾಸ್ನೆಗೇ ಹತ್ತಿರಬೇಕು."

"ಅವ್ವ, ಅದು ಆ ಖಾರ ಅಲ್ಲ."

"ಕಣ್ಣಾಗೆ ನೀರು ಬರ್ತಾ ಐತೆ, ಕಾಣಂಗಿಲ್ವಾ ನಿಂಗೆ?"

ನಿಜ, ಬರುತ್ತಿತ್ತು. ಪುಟ್ಟಿಗೂ ಕಾಣಿಸಿತು. ಅವ್ವ ಅಡುಗೆಮನೆಯಿಂದ ತಂದ ಬೆಲ್ಲದ ತುಂಡನ್ನು ಕಿತ್ತುಕೊಂಡು, ಆ ಹೆಂಗಸಿನ ಬಾಯಿಗೆ ತಾನೇ ಇಟ್ಟಳು. ಬೆಲ್ಲ ಚೀಪುತ್ತ ಅವರು ಇನ್ನೂ ಜೋರಾಗಿ ಅತ್ತರು. ಮತ್ತೆ ಅದೇ ಮಾತು, "ಕಾರಾ."

ಪುಟ್ಟಿ ನನಗೆ ಹೇಳಿದಳು, "ಅಕ್ಕ, ಇವರಿಗೆ ನಾಲಿಗೆ ಕೆಟ್ಟೈತೆ."

ಕೊನೆಯ ಪ್ರಶ್ನೆ

ಮೂರು ದಿನದ ಮೇಲೆ ಕಚೇರಿ. ಮೇಜಿನ ಆಚೆ ಅಧಿಕಾರಿ. ಈಚೆ ಗಂಡ ಹೆಂಡತಿ. ಮೇಜಿನ ಪಕ್ಕ ನಾನು, ನಡುವೆ ಪುಟ್ಟಿ. ಅವ್ವ ಬಾಗಿಲ ಹತ್ತಿರ ನಿಂತಿದ್ದಳು. ಅಧಿಕಾರಿ ಒಳ್ಳೆಯ ಮನುಷ್ಯ. ಕನ್ನಡಕ ತೆಗೆದಿಟ್ಟು, ಮುಂದೆ ಬಾಗಿ ಕೇಳಿದರು.

"ಇವರ ಜೊತೆ ಹೋಗ್ತೀಯಾ ಪುಟ್ಟಿ?"

ಪುಟ್ಟಿ ಸುಮ್ಮನೆ ನಿಂತಳು.

ಮತ್ತೆ ಕೇಳಿದರು. ಪುಟ್ಟಿ ತನ್ನ ಚಪ್ಪಲಿ ನೋಡಿಕೊಂಡಳು. ಫ್ಯಾನ್ ತಿರುಗುತ್ತಿತ್ತು. ಕಡತದ ಹಾಳೆಗಳು ಒಂದೊಂದಾಗಿ ಎದ್ದು ಮಲಗುತ್ತಿದ್ದವು, ನಮ್ಮ ಕಾವಲಿನ ಹುಲ್ಲಿನ ಹಾಗೆ. ಅನುವಾದಿಸಲು ನನಗೆ ಏನೂ ಇರಲಿಲ್ಲ. ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು.

ಆ ದೊಡ್ಡ ಮನುಷ್ಯನ ಬೆರಳುಗಳು, ಅವರಿಗೇ ಗೊತ್ತಿಲ್ಲದೆ, ಮೊಣಕಾಲಿನ ಮೇಲೆ ಬಡಿಯತೊಡಗಿದವು. ಟಕ್ ಟಕ್, ಟಕ್. ಟಕ್ ಟಕ್, ಟಕ್.

"ತಪ್ಪು," ಅಂದಳು ಪುಟ್ಟಿ.

ಹತ್ತಿರ ಹೋಗಿ ಅವರ ಬೆರಳು ಹಿಡಿದು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಮತ್ತೆ ಬಡಿಸಿದಳು. ಎರಡು ಸಲ ಮಾಡಿಸಿದಳು. ಸರಿಹೋಯಿತು. ಆಮೇಲೆ ಅಧಿಕಾರಿಯ ಕಡೆ ತಿರುಗಿದಳು.

"ಹೋಗ್ಲೇಬೇಕು ಸಾರ್."

"ಹೋಗ್ಲೇಬೇಕು ಅಂತ ಯಾರಮ್ಮ ಹೇಳ್ಕೊಟ್ರು ನಿಂಗೆ?"

"ನಂಗೆ ಯಾರೂ ಹೇಳ್ಕೊಟ್ಟಿಲ್ಲ. ಅವರಿಗೇ ಯಾರೂ ಏನೂ ಹೇಳ್ಕೊಟ್ಟಿಲ್ಲ." ಪುಟ್ಟಿ ಬೆರಳು ಮಡಿಚುತ್ತ ಹೋದಳು. "ಅಷ್ಟು ಚಂದ ಮನೆ, ಕಸ ಅಂತಾರೆ. ಪೊರಕೆ ಗ್ವಾಡಿಗೆ ನೇತು ಹಾಕ್ಯಾರೆ. ಅವ್ವ ಬೆಲ್ಲ ತಿಂದು ಕಾರ ಅಂತಾಳೆ."

ಅವ್ವ ಎಂದು ಅವಳು ತೋರಿಸಿದ್ದು ಇಟಲಿಯ ಹೆಂಗಸನ್ನು. ನನ್ನ ಅವ್ವ ಅವಳಿಗೆ ಯಾವಾಗಲೂ ಅಜ್ಜಿಯೇ. ಆದರೂ ಬಾಗಿಲ ಹತ್ತಿರ ನನ್ನ ಅವ್ವ ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿ ನಿಂತಳು.

"ಮತ್ತೆ ಇವರು?" ಅಧಿಕಾರಿ ಗಂಡನನ್ನು ತೋರಿಸಿದರು.

"ಪೆದ್ದ ಪಾಪ. ಇನ್ನೂ ಹಾಲು ಕುಡೀತಾನೆ. ಇಬ್ಬರನ್ನೇ ಹೆಂಗೆ ಬಿಡೋದು ಸಾರ್? ನಾನೇ ಸಾಕ್ಕೊಂತೀನಿ."

ಅಧಿಕಾರಿ ಕನ್ನಡಕ ಹಾಕಿಕೊಂಡು, ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದಕ್ಕೆ ಇಲ್ಲಿ ಜಾಗ ಇಲ್ಲ," ಅಂದರು. "ಒಪ್ಪಿದ್ದಾಳೆ ಅಂತಷ್ಟೇ ಬರೀತೀನಿ. ನೀವು ಮಾತ್ರ ಅವರಿಗೆ ಪೂರ್ತಿ ಹೇಳಿ."

ಪೂರ್ತಿ ಹೇಳಿದೆ. ನಿಮ್ಮಿಬ್ಬರನ್ನೂ ದತ್ತು ತೆಗೆದುಕೊಳ್ಳಲು ಈ ಹುಡುಗಿ ಒಪ್ಪಿದ್ದಾಳೆ. ಹೆಂಡತಿ ಅದನ್ನು ಗಂಡನಿಗೆ ಅವರ ಭಾಷೆಯಲ್ಲಿ ಹೇಳಿದರು. ಅವರ ಗಡ್ಡ ಒದ್ದೆಯಾಗಿತ್ತು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಹೆಂಡತಿಯ ಮೂಲಕ ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ನಾವು ಎಲ್ಲಿ ಸಹಿ ಹಾಕಬೇಕು?"