ಹಿಂದಿನ ಮೂಲೆಯ ಸರಳು

ಜಗಳ ಹುಟ್ಟಿದ್ದು ನಿಂಬೆಹಣ್ಣಿನಿಂದ ಎಂದು ಆಮೇಲೆ ಎಲ್ಲರೂ ಹೇಳಿದರು. ನಿಂಬೆಹಣ್ಣಿನ ತಪ್ಪೇನೂ ಇರಲಿಲ್ಲ. ತಪ್ಪು ಅದರ ಹಿಂದೆಯೇ ಬಂದ ‘ಪರವಾಗಿಲ್ಲ’ ಎಂಬ ಮಾತಿನದು.

ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರ ಹೆಂಡತಿ ಹಿತ್ತಲಿಗೆ ಹೋಗಿ, ಇಷ್ಟು ವರ್ಷ ಕೀಳುತ್ತಿದ್ದ ಹಾಗೆಯೇ, ಎರಡು ನಿಂಬೆಹಣ್ಣು ಕಿತ್ತರು. ಪಕ್ಕದ ಮನೆಯಾಕೆ, ಬಸ್ ಡಿಪೋದ ಟೈಮ್‌ಕೀಪರರ ಹೆಂಡತಿ, ಬಟ್ಟೆ ಹರವುತ್ತಿದ್ದವರು ತಿರುಗಿ ನೋಡಿ ನಕ್ಕರು. “ಪರವಾಗಿಲ್ಲ ಅಕ್ಕ, ಇನ್ನೂ ಎರಡು ಕಿತ್ಕೊಳ್ಳಿ” ಅಂದರು.

ಮೇಷ್ಟ್ರ ಹೆಂಡತಿ ಒಳಗೆ ಬಂದು ಹಣ್ಣನ್ನು ಮೇಜಿನ ಮೇಲೆ ಕುಕ್ಕಿದರು.

“ರೀ, ಅವಳಿಗೆ ಪರವಾಗಿಲ್ವಂತೆ!”

“ಏನು ಪರವಾಗಿಲ್ಲ?”

“ನಮ್ಮ ಗಿಡದಲ್ಲಿ ನಾನು ಹಣ್ಣು ಕಿತ್ರೆ ಅವಳಿಗೆ ಪರವಾಗಿಲ್ವಂತೆ. ದಾನ ಕೊಟ್ಟಳು ಮಹಾರಾಯ್ತಿ.”

“ಒಳ್ಳೇದೇ ಆಯ್ತಲ್ಲ. ಬೇಡ ಅಂದಿದ್ರೆ ಏನ್ ಮಾಡ್ತಿದ್ದೆ?”

ಈ ಪ್ರಶ್ನೆಯನ್ನು ಅವರು ಕೇಳಬಾರದಿತ್ತು. ಮುಂದಿನ ಅರ್ಧ ಗಂಟೆ ಮೇಷ್ಟ್ರು ತಮ್ಮ ಸ್ವಭಾವ, ತಮ್ಮ ಮನೆತನದ ಸ್ವಭಾವ ಮತ್ತು ಇಂಥವರನ್ನು ಕಟ್ಟಿಕೊಂಡವರ ಗತಿ, ಈ ಮೂರರ ಬಗ್ಗೆಯೂ ಹೊಸ ವಿಷಯಗಳನ್ನು ತಿಳಿದುಕೊಂಡರು.

ನಿಜ ಹೇಳಬೇಕೆಂದರೆ ಗಿಡ ಯಾರದು ಎಂದು ಯಾರಿಗೂ ಗೊತ್ತಿರಲಿಲ್ಲ. ಎರಡು ಮನೆಗಳೂ ಒಟ್ಟಿಗೆ ಎದ್ದವು. ನಡುವೆ ಗೋಡೆ ಏಳಲಿಲ್ಲ. ಆಗ ಸಿಮೆಂಟಿಗೆ ಬರ ಇತ್ತು, ಸ್ನೇಹಕ್ಕೆ ಇರಲಿಲ್ಲ. ಹಿತ್ತಲಿನ ತುದಿಯಲ್ಲಿ, ಎರಡು ಮನೆಗಳ ಮಧ್ಯಕ್ಕೆ ನಿಂಬೆ ಗಿಡ ಬೆಳೆದು ನಿಂತಿತ್ತು. ಹಣ್ಣು ಬೇಕಾದವರು ಕಿತ್ತುಕೊಳ್ಳುತ್ತಿದ್ದರು. ಮುಳ್ಳು ಇಬ್ಬರಿಗೂ ಸಮನಾಗಿ ಚುಚ್ಚುತ್ತಿತ್ತು.

ಪೇಪರ್ ಓದಿ ಹಿಂದಿರುಗಿಸಲು ಬಂದ ಮೂರನೆಯ ಮನೆಯ ಅಮೀನರು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅವರು ಕೋರ್ಟಿನ ಕೆಲಸ ಬಿಟ್ಟು ಒಂಬತ್ತು ವರ್ಷವಾಗಿತ್ತು. ಕೋರ್ಟು ಅವರನ್ನು ಬಿಟ್ಟಿರಲಿಲ್ಲ.

“ಇದಕ್ಯಾಕೆ ಮಾತು ಮೇಷ್ಟ್ರೇ? ಸೈಟು ಅಳೆದು ಕೊಡುವಾಗ ಮೂಲೆಮೂಲೆಗೂ ಗುರುತು ಹಾಕಿರ್ತಾರೆ. ರಸ್ತೆ ಕಡೆ ಗಡಿಕಲ್ಲು ಕಣ್ಣಿಗೆ ಕಾಣ್ತಾ ಇದೆ. ಹಿಂದಿನ ಮೂಲೇಲಿ ಒಂದು ಸರಳು ಹೊಡೆದಿರ್ತಾರೆ, ಅದು ಹೂತುಹೋಗಿದೆ. ಅದನ್ನ ಹುಡುಕಿ, ಕಲ್ಲಿಂದ ಅಲ್ಲಿಗೆ ದಾರ ಹಿಡಿದರೆ ಮುಗೀತು. ದಾರದ ಈಚೆ ಇದ್ರೆ ಗಿಡ ನಿಮ್ದು.”

“ಅಲ್ಲ ಅಮೀನರೇ, ಒಂದು ನಿಂಬೆ ಗಿಡಕ್ಕೆ…”

“ಇವತ್ತು ನಿಂಬೆ. ನಾಳೆ ಬಚ್ಚಲು. ನಾಡಿದ್ದು ಅಡುಗೆಮನೆ,” ಎಂದರು ಅಮೀನರು. ಮೇಷ್ಟ್ರ ಹೆಂಡತಿ ಅವರಿಗೆ ಕುರ್ಚಿ ಹಾಕಿದರು.

ಹೀಗಾಗಿ ಮೇಷ್ಟ್ರು ಹತ್ತು ಗಂಟೆಗೆ ಬಾಡಿಗೆ ಸಾಮಾನಿನ ಅಂಗಡಿಯಲ್ಲಿ ನಿಂತಿದ್ದರು. ಏಣಿ, ಪಂಪು, ಡ್ರಿಲ್ಲುಗಳ ನಡುವೆ ಮೂರು ಮೆಟಲ್ ಡಿಟೆಕ್ಟರುಗಳು ಬಾತುಕೋಳಿಗಳಂತೆ ತಲೆ ತಗ್ಗಿಸಿ ಗೋಡೆಗೆ ಒರಗಿದ್ದವು.

“ಯಾವ ಕಡೆ ಮಣ್ಣು?” ಅಂಗಡಿಯವನು ನಾಡಿ ಹಿಡಿದ ವೈದ್ಯನಂತೆ ಕೇಳಿದ.

“ಗುಡ್ಡದ ಕೆಳಗಿನ ಬಡಾವಣೆ.”

“ಅಯ್ಯೋ, ಹಳೇ ಗಣಿ ಕೆಳಗಾ? ಅದು ಮಣ್ಣಲ್ಲ ಸಾರ್, ಪುಡಿ ಮಾಡಿದ ಕಬ್ಬಿಣ. ಅಲ್ಲಿ ಅಯಸ್ಕಾಂತ ಎಳೆದ್ರೆ ಅದಕ್ಕೆ ಗಡ್ಡ ಬರುತ್ತೆ.” ಅವನು ಮೊದಲನೆಯದನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿದ. “ಇದು ಬೇಡ. ಮಣ್ಣು ಯಾವುದು ಮಾಲು ಯಾವುದು ಇದಕ್ಕೆ ಗೊತ್ತಾಗಲ್ಲ. ಹೆಜ್ಜೆಹೆಜ್ಜೆಗೂ ಕಿರುಚುತ್ತೆ. ಎರಡನೇದು ಬುದ್ಧಿವಂತ. ಖಾಲಿ ನೆಲದ ಮೇಲೆ ಈ ತುದಿಯ ತಟ್ಟೆನ ನಾಲ್ಕು ಸಲ ಎತ್ತಿ ಇಳಿಸಿದ್ರೆ, ಇದು ಬರೀ ಮಣ್ಣು ಅಂತ ತಿಳ್ಕೊಂಡು ಸುಮ್ಮನಾಗುತ್ತೆ. ಈ ಗುಂಡಿ ತಿರುಗಿಸಿದ್ರೆ ಕಬ್ಬಿಣದ ಚೂರು, ಮೊಳೆ ಏನಿದ್ರೂ ಕಂಡೂ ಕಾಣದ ಹಾಗೆ ಇರುತ್ತೆ. ಮೂರನೇದು ಪಲ್ಸಿಂದು. ಮಣ್ಣನ್ನ ಕ್ಯಾರೇ ಅನ್ನಲ್ಲ, ಆಳಕ್ಕೂ ಹೋಗುತ್ತೆ. ಆದ್ರೆ ಚಿನ್ನಕ್ಕೂ ತುಕ್ಕು ಮೊಳೆಗೂ ಒಂದೇ ಕೂಗು, ಸಿಕ್ಕಿದ್ದನ್ನೆಲ್ಲ ಅಗೀಬೇಕು. ಹುಡುಕ್ತಿರೋದು ಏನು, ಅದನ್ನ ಹೇಳಿ. ಯಾವುದು ಅಂತ ನಾನ್ ಹೇಳ್ತೀನಿ.”

ಮೇಷ್ಟ್ರು ಸುತ್ತ ನೋಡಿದರು. ಏಣಿ ಒಯ್ಯಲು ಬಂದಿದ್ದ ಪೇಂಟರು ಅವರ ಹಳೆಯ ಶಿಷ್ಯ. ಕೈಕಟ್ಟಿ ನಿಂತು ಕೇಳುತ್ತಿದ್ದ. ಒಂದು ನಿಂಬೆ ಗಿಡಕ್ಕಾಗಿ ಪ್ರಾಣಸ್ನೇಹಿತನ ಮೇಲೆ ಗಡಿ ಸಾಧಿಸಲು ಹೊರಟಿದ್ದೇನೆ ಎನ್ನಲು ಅವರ ನಾಲಿಗೆ ಹೊರಳಲಿಲ್ಲ.

“ಉಂಗುರ,” ಎಂದರು.

“ಚಿನ್ನದ್ದಾ?”

“ಹೂಂ. ಮನೆಯೋರದು.”

“ಹಾಗಾದ್ರೆ ಯೋಚನೇನೇ ಬೇಡ, ಎರಡನೇದು.” ಅವನು ಗುಂಡಿ ತಿರುಗಿಸಿ, ಅದರ ಮೇಲೆ ಟೇಪು ಅಂಟಿಸಿದ. “ಇದನ್ನ ಮಾತ್ರ ಮುಟ್ಟಬೇಡಿ.”

ಮೇಷ್ಟ್ರು ಮುಟ್ಟಲಿಲ್ಲ. ಹೇಳಿದ ಮಾತು ಕೇಳುವುದು ಅವರ ಹಳೆಯ ಕಾಯಿಲೆ.

ಹಿತ್ತಲಿಗೆ ಬಂದು ತಟ್ಟೆಯನ್ನು ನಾಲ್ಕು ಸಲ ಎತ್ತಿ ಇಳಿಸಿದಾಗ ಮಷೀನು ನಿಜಕ್ಕೂ ಮೌನವಾಯಿತು. ಅವರು ಅದನ್ನು ಅತ್ತಿತ್ತ ಆಡಿಸುತ್ತ ಹೆಜ್ಜೆಯಿಟ್ಟರು. ಟೈಮ್‌ಕೀಪರರು ಕಾಫಿ ಲೋಟ ಹಿಡಿದು ಹೊರಗೆ ಬಂದರು.

“ಏನ್ ಮೇಷ್ಟ್ರೇ, ನೆಲಕ್ಕೆ ಇಸ್ತ್ರಿ ಹಾಕ್ತಿದ್ದೀರಾ?”

ಮೇಷ್ಟ್ರಿಗೆ ನಗು ಬಂತು. ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಮೀನರು ಗಂಟಲು ಸರಿ ಮಾಡಿಕೊಂಡರು.

“ಗಡಿ ಗುರುತು ಹುಡುಕ್ತಿದ್ದೀವಿ. ನೀವು ಎದುರುದಾರರು, ನಿಮ್ಮ ಸಮಕ್ಷಮವೇ ಆಗಲಿ.”

ಟೈಮ್‌ಕೀಪರರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮಷೀನಿನ ಮುಖ ನೋಡಿದರು.

“ಓಹೋ, ನಾನು ಎದುರುದಾರ,” ಎಂದರು ಟೈಮ್‌ಕೀಪರರು. ಉಳಿದ ಕಾಫಿಯನ್ನು ಚೆಲ್ಲಿ, ಲೋಟವನ್ನು ಕಟ್ಟೆಯ ಮೇಲಿಟ್ಟು, ನಿಂತರು.

ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಸಿಡುಬು ಎದ್ದ ಮುಖದಂತಾಯಿತು. ಮಷೀನು ಹದಿಮೂರು ಸಲ ಕೂಗಿತು, ಹದಿಮೂರು ಕಡೆ ಅಗೆದರು. ಸಿಕ್ಕಿದ್ದು ಅಲ್ಯೂಮಿನಿಯಂ ಮುಚ್ಚಳ, ಹಿತ್ತಾಳೆಯ ನಲ್ಲಿ, ಡಿಪೋದಲ್ಲಿ ಊದುವ ಒಂದು ಸೀಟಿ, ಬಾಕಿ ಎಲ್ಲ ಔಷಧಿ ಮಾತ್ರೆಯ ಹಾಳೆ. ಹದಿನಾಲ್ಕನೆಯ ಕೂಗು ಟೈಮ್‌ಕೀಪರರ ಅಡುಗೆಮನೆ ಕಿಟಕಿಯ ಕೆಳಗೆ ಎದ್ದಿತು. ಅಲ್ಲಿಂದ ಒಂದು ಹಿತ್ತಾಳೆಯ ಸೌಟು ಹೊರಬಂತು. ಹಿಡಿಯ ಮೇಲೆ ಅಕ್ಷರ ಕೊರೆಸಿತ್ತು.

“ಇದು ನಮ್ಮತ್ತೆ ಸೌಟು!” ಮೇಷ್ಟ್ರ ಹೆಂಡತಿ ಅದನ್ನು ಸೆರಗಿನಲ್ಲಿ ಒರೆಸಿ ಎಲ್ಲರಿಗೂ ತೋರಿಸಿದರು. “ಇದು ಕಳೆದೋಯ್ತು ಅಂತ ಅವರು ಸಾಯೋವರೆಗೂ ನನ್ನನ್ನ ಬೈದರು. ನಿಮ್ಮ ಹಿತ್ತಲಿಗೆ ಹೇಗೆ ಬಂತು?”

“ಕಾಲು ಬಂದು ನಡೆದುಕೊಂಡು ಬಂತು,” ಎಂದರು ಟೈಮ್‌ಕೀಪರರ ಹೆಂಡತಿ. “ನಿಮ್ಮ ಮಗಳು ಮಣ್ಣಾಟ ಆಡೋಕೆ ತಂದಿದ್ದು. ನೀವು ಆಸ್ಪತ್ರೇಲಿ ಮಲಗಿದ್ದಾಗ ಎರಡು ತಿಂಗಳು ಇಲ್ಲೇ ಅಲ್ವಾ ಅಕ್ಕ ಅವಳು ಆಡ್ತಿದ್ದಿದ್ದು, ಉಣ್ತಿದ್ದಿದ್ದು?”

ಸೌಟು ಮೇಷ್ಟ್ರ ಹೆಂಡತಿಯ ಕೈಯಲ್ಲಿ ಇದ್ದಕ್ಕಿದ್ದಂತೆ ಭಾರವಾದ ಹಾಗೆ ಕೆಳಗಿಳಿಯಿತು. ಅವರು ಬಾಯಿ ತೆರೆದರು. ಬಹುಶಃ ಒಳ್ಳೆಯ ಮಾತನ್ನೇ ಆಡುತ್ತಿದ್ದರು. ಆದರೆ ಅಷ್ಟರಲ್ಲಿ ಅಮೀನರು, “ಸೌಟು ಒಂದು, ಪಂಚನಾಮೆಗೆ ಸೇರಿಸ್ತೀನಿ” ಎಂದು ಚೀಟಿಯಲ್ಲಿ ಬರೆದುಕೊಂಡು, ಪೆನ್ನು ಕಚ್ಚಿ, ಹುಬ್ಬು ಗಂಟಿಕ್ಕಿದರು.

“ಮೇಷ್ಟ್ರೇ, ಒಂದು ಮಾತು. ಒಂದಾದ್ರೂ ಕಬ್ಬಿಣ ಸಿಕ್ತಾ?”

“ಹೇಗೆ ಸಿಗುತ್ತೆ? ಕಬ್ಬಿಣ ಕಂಡರೆ ಸುಮ್ಮನಿರು ಅಂತ ಇದಕ್ಕೆ ಹೇಳಿಟ್ಟಿದ್ದಾರೆ.”

“ಗಡಿ ಸರಳು ಯಾತರದು?”

ಮೇಷ್ಟ್ರು ಟೇಪು ಅಂಟಿಸಿದ ಗುಂಡಿಯನ್ನು ನೋಡಿದರು.

ಮತ್ತೆ ಅಂಗಡಿಗೆ ಹೋಗುವಾಗ ಆಟೋದಲ್ಲಿ ಪಕ್ಕಕ್ಕೇ ಅಮೀನರು ಕುಳಿತರು. “ಇಷ್ಟಕ್ಕೇ ಬಿಡೋಣ ಅಂತೀನಿ,” ಎಂದರು ಮೇಷ್ಟ್ರು. “ಆತ ನನ್ನ ಮಗಳನ್ನ ಹೆಗಲ ಮೇಲೆ ಹೊತ್ಕೊಂಡು ಶಾಲೆಗೆ ಬಿಟ್ಟಿದ್ದಾನೆ.”

“ಬಿಡಬಹುದು. ಆದ್ರೆ ಈಗ ಬಿಟ್ರೆ ಗಿಡ ಅವರದು ಅಂತ ಒಪ್ಕೊಂಡ ಹಾಗೆ. ಜೊತೆಗೆ ಹದಿನಾಲ್ಕು ಗುಂಡಿ ತೋಡಿದ್ದು ಯಾಕೆ ಅಂತ ಪ್ರಶ್ನೆ ಬರುತ್ತೆ.”

ಆಟೋ ಅಂಗಡಿಯ ಮುಂದೆ ನಿಂತಿತು. ಮೇಷ್ಟ್ರು ಮಷೀನು ಎತ್ತಿಕೊಂಡು ಇಳಿದರು.

“ಸಿಕ್ತಾ ಸಾರ್ ಉಂಗುರ?” ಎಂದ ಅಂಗಡಿಯವನು.

“ಉಂಗುರ ಅಲ್ಲಪ್ಪ. ಕಬ್ಬಿಣದ್ದೊಂದು ಸರಳು.”

ಅವನು ಬಹಳ ಹೊತ್ತು ಮೇಷ್ಟ್ರನ್ನು ನೋಡಿದ. “ಸಾರ್, ವೈದ್ಯರ ಹತ್ರ, ವಕೀಲರ ಹತ್ರ, ನಮ್ಮ ಹತ್ರ ಸುಳ್ಳು ಹೇಳಬಾರದು,” ಎಂದು ಮೂರನೆಯದನ್ನು ಎತ್ತಿ ಕೊಟ್ಟ.

ಈ ಮಷೀನು ಅವನು ಹೇಳಿದಂತೆಯೇ ಇತ್ತು. ಕೆಂಪು ಮಣ್ಣಿನ ಮೇಲೆ ಅದು ಊಟವಾದ ಮೇಲಿನ ಗುಮಾಸ್ತನಂತೆ ತೂಕಡಿಸಿತು. ಹಿತ್ತಲಿನ ಉದ್ದಗಲ ನಡೆದರೂ ಎರಡು ಮೊಳೆ, ಒಂದು ಕೊಂಡಿ, ಅಷ್ಟೆ. ಆದರೆ ನಿಂಬೆ ಗಿಡದ ಹತ್ತಿರ ಬಂದ ಕೂಡಲೇ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿತು. ಮೇಷ್ಟ್ರು ಗಿಡವನ್ನು ಸುತ್ತಿದರು. ಎಲ್ಲಿಂದ ಹಿಡಿದರೂ ಕೂಗು ಬುಡಕ್ಕೇ ಬೊಟ್ಟು ಮಾಡುತ್ತಿತ್ತು.

“ಅಗೀರಿ,” ಎಂದರು ಅಮೀನರು.

“ಬೇರಿಗೆ ಪೆಟ್ಟು ಬೀಳುತ್ತೆ,” ಎಂದರು ಮೇಷ್ಟ್ರು.

“ಬಿಡಿ, ನನ್ನ ಗಿಡದ ಬುಡ ನಾನೇ ಅಗೀತೀನಿ.” ಟೈಮ್‌ಕೀಪರರು ಹಾರೆ ತಂದರು. ಬೆಳಗಿನಿಂದ ಅವರ ಬಾಯಿಂದ ಬಂದ ಮೂರನೆಯ ಮಾತು ಅದು.

“ನಿಮ್ಮ ಗಿಡವಾ? ಹಾಗಾದ್ರೆ ನನ್ನ ಕಡೆಯಿಂದ ನಾನು ಅಗೀತೀನಿ,” ಎಂದು ಮೇಷ್ಟ್ರು ಪಿಕಾಸಿ ಹಿಡಿದರು.

ಇಬ್ಬರಿಗೂ ಐವತ್ತು ದಾಟಿತ್ತು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಸೊಂಟ ನೋವು. ಆದರೂ ಒಬ್ಬರು ಒಂದು ಬುಟ್ಟಿ ಮಣ್ಣು ತೆಗೆದರೆ ಇನ್ನೊಬ್ಬರು ಒಂದೂವರೆ ತೆಗೆದರು. ಬೇರು ಅಡ್ಡ ಬಂದಾಗ ಮೊದಮೊದಲು ಪಕ್ಕಕ್ಕೆ ಸರಿಸಿದರು. ಆಮೇಲೆ ಕಡಿದರು. ಹೆಂಗಸರಿಬ್ಬರೂ, “ಸಾಕು ಬಿಡ್ರೀ” ಎಂದು ಒಟ್ಟಿಗೆ ಕೂಗಿದರು. ಒಟ್ಟಿಗೆ ಕೂಗಿದ್ದು ತಿಳಿದು ಇಬ್ಬರೂ ಸುಮ್ಮನಾದರು.

ನಾಲ್ಕೂವರೆಗೆ ಗಿಡ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಅಲುಗಿ, ಈ ಮನೆಯ ಕಡೆಗೂ ಬೀಳದೆ ಆ ಮನೆಯ ಕಡೆಗೂ ಬೀಳದೆ, ಹಿಂದಿನ ಚರಂಡಿಯ ಮೇಲೆ ಮಲಗಿತು. ಹಣ್ಣುಗಳು ಒಂದೊಂದಾಗಿ ಉರುಳಿ ನೀರಿಗೆ ಬಿದ್ದವು.

ಗುಂಡಿಯ ನಡುವೆ ಸರಳು ನಿಂತಿತ್ತು.

“ಸಿಕ್ತು!” ಅಮೀನರು ಚಪ್ಪಾಳೆ ತಟ್ಟಿದರು. “ಯಾರೂ ಮುಟ್ಟಬೇಡಿ!”

ಯಾರೂ ಮುಟ್ಟಲಿಲ್ಲ. ಮೇಷ್ಟ್ರು ಬಾಗಿ, ಕನ್ನಡಕ ಮೂಗಿನ ತುದಿಗೆ ತಂದು, ನೋಡಿದರು. ಸರಳು ಚೌಕನೆಯದು. ನಡುವೆ ಹಗ್ಗದಂತೆ ಹೊಸೆದಿತ್ತು. ಆ ಹೊಸೆತದ ನಕ್ಷೆಯನ್ನು ಮೇಷ್ಟ್ರೇ ಕಾಗದದ ಮೇಲೆ ಬರೆದು ಕಮ್ಮಾರನಿಗೆ ಕೊಟ್ಟಿದ್ದರು. ಅವರ ಮನೆಯ ಎಲ್ಲ ಕಿಟಕಿಗಳಲ್ಲೂ ಅದೇ ಸರಳು. ಮನೆ ಕಟ್ಟಿದ ವರ್ಷ ಒಂದು ಮಿಕ್ಕಿತ್ತು.

ಸರಳಿಗೆ ಸುತ್ತಿಕೊಂಡು ತುಕ್ಕು ಹಿಡಿದ ತಂತಿಯೊಂದಿತ್ತು. ಎದುರು ಬಾಗಿದ್ದ ಟೈಮ್‌ಕೀಪರರು ಅದನ್ನೇ ನೋಡುತ್ತಿದ್ದರು. ಅವರ ಮೊದಲ ಸ್ಕೂಟರಿನ ಬ್ರೇಕಿನ ತಂತಿ. ಅದರ ತುದಿಯ ಸೀಸದ ಗುಂಡು ಇನ್ನೂ ಹಾಗೇ ಇತ್ತು.

ಆಗ ಗಿಡ ಮೊಣಕಾಲೆತ್ತರದ ಒಂದು ಸಸಿ. ಅದು ಗಾಳಿಗೆ ಬೀಳಬಾರದೆಂದು ಆಸರೆಗೆ ಒಬ್ಬರು ಸರಳು ಹೊಡೆದಿದ್ದರು. ಇನ್ನೊಬ್ಬರು ತಂತಿ ಕಟ್ಟಿದ್ದರು. “ಯಾರ ಕಡೆಗೆ ನೆಡೋಣ?” ಎಂದು ಒಬ್ಬರು ಕೇಳಿದ್ದರು. “ಎಲ್ಲಾದ್ರೂ ನೆಡಿ ಮಾರಾಯ್ರೇ, ಬದುಕಿದ್ರೆ ಸಾಕು,” ಎಂದು ಇನ್ನೊಬ್ಬರು ನಕ್ಕಿದ್ದರು. ಕೇಳಿದವರು ಯಾರು, ನಕ್ಕವರು ಯಾರು ಎಂಬುದು ಇಬ್ಬರಿಗೂ ಈಗ ನೆನಪಿರಲಿಲ್ಲ. ಆಮೇಲೆ ಹಿತ್ತಲಿಗೆ ಎರಡು ಸಲ ಮಣ್ಣು ತುಂಬಿಸಿದರು, ಸರಳು ಮುಚ್ಚಿಹೋಯಿತು. ಅದರ ಜೊತೆ ಈ ಮಾತೂ.

ಇಬ್ಬರೂ ತಲೆಯೆತ್ತಿದರು. ಇಬ್ಬರಿಗೂ ಗೊತ್ತಾಗಿತ್ತು. ಇನ್ನೊಬ್ಬರಿಗೆ ಗೊತ್ತಾಗಿದೆ ಎಂಬುದೂ ಗೊತ್ತಾಗಿತ್ತು.

“ಏನಂತೀರಿ, ಇದೇ ಗಡಿ ಸರಳು ಅಂತ ಇಬ್ಬರಿಗೂ ಒಪ್ಪಿಗೆ ತಾನೆ?” ಅಮೀನರು ಪೆನ್ನು ತೆರೆದರು. ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದ್ದರು. ಏಣಿಯ ಪೇಂಟರೂ ಬಂದು ಕೈಕಟ್ಟಿ ನಿಂತಿದ್ದ.

ಅಲ್ಲ ಎನ್ನಬಹುದಿತ್ತು. ಅಲ್ಲ ಎಂದರೆ, ಇಬ್ಬರೂ ಸೇರಿ ನೆಟ್ಟ ಗಿಡವನ್ನು ಇಬ್ಬರೂ ಸೇರಿ ಕಡಿದು ಹಾಕಿದೆವು ಎಂದು ಇಷ್ಟು ಜನರ ಮುಂದೆ ಹೇಳಬೇಕಿತ್ತು. ಆತ ಹೇಳಲಿ ಎಂದು ಮೇಷ್ಟ್ರು ಕಾದರು. ಇಷ್ಟು ವರ್ಷ ಯಾವಾಗಲೂ ಮೊದಲು ಮಾತಾಡುತ್ತಿದ್ದವರು ಆತನೇ.

“ಮೇಷ್ಟ್ರು ಏನಂತಾರೋ ಹಾಗೆ,” ಎಂದರು ಟೈಮ್‌ಕೀಪರರು.

“ಅವರಿಗೆ ಒಪ್ಪಿಗೆ ಆದ್ರೆ…” ಎಂದರು ಮೇಷ್ಟ್ರು.

“ಆಯ್ತು, ಉಭಯತ್ರರ ಒಪ್ಪಿಗೆ,” ಎಂದು ಅಮೀನರು ಬರೆದುಕೊಂಡರು. ಯಾರೋ ದಾರ ತಂದರು. ಒಂದು ತುದಿಯನ್ನು ಮೇಷ್ಟ್ರು ಸರಳಿಗೆ ಒತ್ತಿ ಹಿಡಿದರು. ಇನ್ನೊಂದನ್ನು ಟೈಮ್‌ಕೀಪರರು ರಸ್ತೆ ಕಡೆಯ ಕಲ್ಲಿಗೆ ಹಿಡಿದರು. ದಾರ ಮೇಷ್ಟ್ರ ಬಟ್ಟೆ ಒಗೆಯುವ ಕಲ್ಲನ್ನು ಪೂರ್ತಿ, ಬಚ್ಚಲಿನ ಮೂಲೆಯನ್ನು ಒಂದು ಮೊಳ, ಟೈಮ್‌ಕೀಪರರ ಕಡೆಗೆ ಬಿಟ್ಟು ಹಾದುಹೋಯಿತು.

“ಅಯ್ಯೋ, ಬಚ್ಚಲು!” ಎಂದರು ಮೇಷ್ಟ್ರ ಹೆಂಡತಿ. “ರೀ, ಏನಾದ್ರೂ ಹೇಳಿ!”

ಮೇಷ್ಟ್ರು ದಾರದ ಉದ್ದಕ್ಕೂ ನೋಡಿದರು. ಆ ತುದಿಯಲ್ಲಿ ಕಲ್ಲಿನ ಪಕ್ಕ ಮಂಡಿಯೂರಿ ಕುಳಿತ ಟೈಮ್‌ಕೀಪರರೂ ಇತ್ತಲೇ ನೋಡುತ್ತಿದ್ದರು.

“ಸಡಿಲ ಬಿಡಬೇಡಿ,” ಎಂದರು ಅಮೀನರು.

ಇಬ್ಬರೂ ಬಿಡಲಿಲ್ಲ.