ನಾನು ಬರೆದ ಬಡ ತಾಯಿ

ನಿಜಾಮರ ಕಾಲ, ಕಾಳು ಸಿಗದ ವರ್ಷ. ಹಾಲೂಡಿಸುವ ಬಡ ತಾಯಂದಿರಿಗೆ ಪುಕ್ಕಟೆ ಜೋಳ ಕೊಡಬೇಕೋ, ಕೊಟ್ಟರೆ ಮೈಗಳ್ಳಿಯರಾಗುತ್ತಾರೋ ಎಂದು ಲಿಂಗಸುಗೂರು ಕಚೇರಿಯಲ್ಲಿ ವಾದ ನಡೆದಿತ್ತು. ಮಸ್ಕಿಯ ಶಾಲಾ ಮಾಸ್ತರನಾದ ನಾನು ಒಂದೇ ಲೇಖನದಲ್ಲಿ ಈ ವಾದ ಮುಗಿಸುವುದೆಂದು ಕೂತೆ. ಪತ್ರಿಕೆಯಲ್ಲಿ ಹೆಸರು ಬರುವುದು ಬೇರೆ ಮಾತು!

ನಮ್ಮ ಓಣಿಯ ದುರುಗವ್ವನನ್ನೇ ಆರಿಸಿಕೊಂಡೆ. ಗಂಡ ದೇಶಾಂತರ ಹೋಗಿದ್ದ, ಕೂಲಿಯಿಲ್ಲ, ಮಡಿಲಲ್ಲಿ ಕೂಸು. ತೊಂದರೆಯೆಂದರೆ ಆಕೆ ನಗುತ್ತಿದ್ದಳು, ತಲೆಯನ್ನೂ ಬಾಚಿಕೊಳ್ಳುತ್ತಿದ್ದಳು! ಹೀಗಾದರೆ ಓದುಗರ ಕಣ್ಣಲ್ಲಿ ನೀರು ಬರುವುದುಂಟೇ? ನಗು ತೆಗೆದೆ. ತಲೆ ಕೆದರಿದೆ. ಸೀರೆಯನ್ನೂ ಹರಿದೆ, ಕಾಗದದ ಮೇಲೆ!

ಲೇಖನ ಅಚ್ಚಾಯಿತು. ತಹಶೀಲ್ದಾರರು ಅದನ್ನು ಓದಿಸಿ ಕೇಳಿ ಕಣ್ಣೊರೆಸಿಕೊಂಡರಂತೆ. 'ಇಂಥ ತಾಯಂದಿರಿಗೆ ಮಾತ್ರ' ಜೋಳ ಕೊಡಲು ಹುಕುಂ ಆಯಿತು. ದುರುಗವ್ವನನ್ನು ಕಚೇರಿಗೆ ಕರೆದೊಯ್ಯಲು ಮೀಸೆ ತಿರುವುತ್ತ ಗಾಡಿ ಕಟ್ಟಿಸಿದೆ. ಆಕೆ ಬಂದಳು. ಮೈಮೇಲೆ ನನ್ನ ಹೆಂಡತಿಯ ಇಳಕಲ್ ಸೀರೆ!

"ಸರಕಾರದ ಮುಂದ ಹರಕ ಉಟಗೊಂಡು ಯಾರರ ಹೋಗ್ತಾರೇನ್ರಿ? ನಾನ ಉಡಿಸೀನಿ" ಎಂದಳು ಹೆಂಡತಿ.

ನಮ್ಮ ಕಡೆ ರೂಢಿಯೇ ಹಾಗೆ. ಕಚೇರಿಗೆ ಹೋಗುವವರು ಕಡ ತಂದಾದರೂ ಒಳ್ಳೆಯದನ್ನು ಉಡಬೇಕು. ಸರಿ ಎಂದೆ. ಎಂಥ ಬುದ್ಧಿವಂತ ನಾನು!

ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರರು ಆಕೆಯನ್ನು ಮೇಲಿಂದ ಕೆಳಗೆ ನೋಡಿದರು.

"ಮಾಸ್ತರ್ ಸಾಬ್, ಈಕಿ ಗರೀಬ್ ಹೆಂಗಾಗ್ತಾಳ್ರಿ? ಗರೀಬ್ ತಾಯಿ ಹೆಂಗಿರತಾಳಂತ ನೀವ ಬರದೀರಲ್ಲ!"

"ಆ ಸೀರಿ ನಮ್ಮ ಮನೀದ್ರೀ!" ಎಂದು ಕೂಗಿದೆ.

ಇಡೀ ಕಚೇರಿ ನನ್ನತ್ತ ತಿರುಗಿತು. ಯಾರೋ ಕೆಮ್ಮಿದರು.

"ಅಲ್ರೀ, ನಮ್ಮ ಮನಿಯಾಕಿನ ಕೊಟ್ಟಾಳ್ರೀ!"

ಇನ್ನೊಬ್ಬರು ಕೆಮ್ಮಿದರು!

"ಹಂಗಾರ ಮುಂದಿನ ವಾರ ನೀವು ಬರದಂಗ ತಯಾರ್ ಮಾಡಿ ಕರಕೊಂಡು ಬರ್ರಿ" ಎಂದರು ಪೇಶಕಾರರು.

ಬರೆದದ್ದು ಸುಳ್ಳು ಎಂದಿದ್ದರೆ ಸಾಕಿತ್ತು. ಆದರೆ ಹೆಸರು ಹೋಗುತ್ತದಲ್ಲ! ದುರುಗವ್ವ ಕೂಸನ್ನು ಎತ್ತಿಕೊಂಡಳು.

"ಜ್ವಾಳ ಬೇಕ್ರೀ ಮಾಸ್ತರ, ನನಗ ಹಾಲು ಬತ್ತ್ಯಾವು. ಆದ್ರ ತಲಿ ಕೆದರಿಕೊಂಡು ಹತ್ತು ಮಂದಿ ಮುಂದ ನಾ ನಿಂದ್ರಂಗಿಲ್ಲ."

ದಾರಿಯುದ್ದಕ್ಕೂ ಆಕೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮನೆಗೆ ಬಂದರೆ ಹೆಂಡತಿ ನಮ್ಮ ಗಡಿಗೆಯ ತಳದ ಜೋಳವನ್ನು ಆಕೆಯ ಸೆರಗಿಗೆ ಸುರಿದಳು.

ಮುಂದಿನ ವಾರ ತಹಶೀಲ್ದಾರರೇ ಹೇಳಿಕಳಿಸಿದರು. ಹೋದೆ. ಕಚೇರಿಯ ಮುಂದೆ ತಾಯಂದಿರ ಸಾಲು. ಎಲ್ಲರದೂ ಕೆದರಿದ ತಲೆ, ಎಲ್ಲರದೂ ಹರಕು ಸೀರೆ. ಕೆಲವು ಸೀರೆಗಳು ಅಂದೇ ಬೆಳಿಗ್ಗೆ ಹರಿದಂತಿದ್ದವು. ದುರುಗವ್ವ ಬಂದಿರಲಿಲ್ಲ.

ತಹಶೀಲ್ದಾರರು ಬೆನ್ನು ತಟ್ಟಿದರು. "ಖರೇನ ಬರದೀರಿ ಮಾಸ್ತರ, ಎಲ್ಲಾರೂ ಹಂಗ ಅದಾರ ನೋಡ್ರಿ!"

ನಾಚಿಕೆಗೆಟ್ಟ ನಾನು, ಕೈಮುಗಿದು "ತಮ್ಮ ದಯಾ ರೀ" ಎಂದೆ!