ಮೇಡಂ ಹೇಳಿದ ಎರಡು ಮಿರ್ಚಿ

ಬೇರೆಯವರ ಭಾರ ಕಾಣುವಷ್ಟು ಚೆನ್ನಾಗಿ ನಮ್ಮದು ನಮಗೆ ಕಾಣುವುದಿಲ್ಲ. ಈ ಮಾತು ಹೇಳುವ ಅಧಿಕಾರ ನನಗಿದೆ. ಸಂಡೂರಿನ ಗಣಿಯೊಂದರಲ್ಲಿ ಅದಿರಿನ ಲಾರಿಗಳನ್ನು ತೂಗುವುದೇ ನನ್ನ ಕೆಲಸ. ಮಿತಿಗಿಂತ ಒಂದು ಬುಟ್ಟಿ ಹೆಚ್ಚಿದ್ದರೂ ಲಾರಿಯನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸುತ್ತೇನೆ. ಹೋದ ಮಳೆಗಾಲದಲ್ಲಿ ಹೊಸಪೇಟೆಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಮಂಡಿ ಕಟಕಟ ಎನ್ನತೊಡಗಿದ ಮೇಲೆಯೇ ನಾನೂ ತೂಕದ ಯಂತ್ರದ ಮೇಲೆ ನಿಂತದ್ದು. ತೊಂಬತ್ತಾರು ಕಿಲೋ. ಹಿಂದಕ್ಕೆ ಕಳಿಸಲು ಅಲ್ಲಿ ನನ್ನಂಥವನೊಬ್ಬ ಇರಲಿಲ್ಲ.

ಹೆಂಡತಿ ಸರೋಜಾ ನನ್ನನ್ನು ಡಯೆಟಿಷಿಯನ್ ಹತ್ತಿರ ಎಳೆದೊಯ್ದಳು. ಆ ಮೇಡಂ ಮೈಸೂರಿನವರು. ಬಂದು ಎರಡು ತಿಂಗಳಾಗಿತ್ತು, ನಮ್ಮ ಮಾತು ಕಲಿಯುವ ಉತ್ಸಾಹ ಬೇರೆ. ಅನ್ನ ಕಡಿಮೆ ಮಾಡಿ, ರಾತ್ರಿ ಊಟ ಬಿಡಿ, ಬೆಳಿಗ್ಗೆ ನಡೆಯಿರಿ ಎಂದೆಲ್ಲ ಹೇಳಿ ಕೊನೆಗೆ, "ಊಟದ ಜೊತೆ ಎರಡು ಮೆಣಸಿನಕಾಯಿ ತಿನ್ನಿ, ತೂಕ ಇಳಿಯೋಕೆ ಒಳ್ಳೇದು. ನಿಮ್ಮ ಕಡೆ ಮಿರ್ಚಿ ಅಂತೀರಲ್ಲ, ಅದೇ" ಎಂದರು. ನಮ್ಮ ಕಡೆ ಮಿರ್ಚಿ ಎಂದರೆ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು. ಕರಿಯದೆ ಬಿಟ್ಟದ್ದು ಬರೀ ಮೆಣಸಿನಕಾಯಿ. ಇದು ಮೇಡಂಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ತಿದ್ದಬಹುದಿತ್ತು, ಆದರೆ ಓದಿದವರ ಮಾತಿಗೆ ಅಡ್ಡ ಬರುವ ಸ್ವಭಾವ ನನ್ನದಲ್ಲ.

ನಮ್ಮ ಆಫೀಸಿನಲ್ಲಿ ಒಬ್ಬರು ಮೆಂತ್ಯದ ನೀರು, ಇನ್ನೊಬ್ಬರು ಜೀರಿಗೆ ನೀರು ಕುಡಿದು ಮುಖ ಕಿವುಚುತ್ತಿದ್ದರೆ, ನಾನು ಸಂಜೆ ಕಂಪನಿ ಬಸ್ಸಿಳಿದು ನೇರ ಮಿರ್ಚಿ ಅಂಗಡಿಗೆ ಹೋಗುತ್ತಿದ್ದೆ. "ಏನ್ರೀ ಸರ, ದಿನಾ ಬರಾಕತ್ತೀರಿ?" ಎಂದ ಅಂಗಡಿಯವನು. ಡಾಕ್ಟರು ಹೇಳಿದ್ದಾರೆ ಎಂದೆ. "ಹಂಗಂದ್ರ ಕುಂದ್ರಿ, ಬಿಸೀದು ಹಾಕ್ತೀನಿ. ಔಷಧ ಆರಬಾರ್ದು" ಎಂದು ಭಕ್ತಿಯಿಂದ ಕರಿದುಕೊಟ್ಟ. ಔಷಧವನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದೆಂದು ಕೆಳಗೊಂದು ಪ್ಲೇಟು ಮಂಡಕ್ಕಿ ಒಗ್ಗರಣೆಯನ್ನೂ ಹಾಸಿಕೊಳ್ಳುತ್ತಿದ್ದೆ.

ತಿಂಗಳ ಮೇಲೆ ತೂಕ ತೊಂಬತ್ತೆಂಟೂವರೆ. "ಮಿರ್ಚಿ ತಿಂದ್ರಾ?" ಎಂದರು ಮೇಡಂ. "ಒಂದಿನಾನೂ ತಪ್ಪಿಸಿಲ್ರಿ" ಎಂದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವರ ಮುಖ ಗಂಭೀರವಾಯಿತು. ಥೈರಾಯ್ಡ್ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದರು.

ಆಗಲೇ ನನ್ನ ಕಣ್ಣು ಸರೋಜಾಳ ಮೇಲೆ ಬಿದ್ದದ್ದು. ಮುಖ ಇಳಿದಿತ್ತು, ಬಳೆ ಸಡಿಲವಾಗಿತ್ತು. ರಾತ್ರಿ ನನಗೆ ಬಡಿಸಿ ತಾನು ಒಂದು ಲೋಟ ಮಜ್ಜಿಗೆ ಕುಡಿದು ಏಳುತ್ತಿದ್ದಳು. ಯಾಕೆಂದು ಕೇಳಿದರೆ "ಹಸಿವಿಲ್ಲ ಬಿಡ್ರಿ" ಎನ್ನುತ್ತಿದ್ದಳು. ನಸುಕಿಗೇ ಎದ್ದು ಎಲ್ಲಿಗೋ ಹೋಗುತ್ತಿದ್ದಳು. ಹನುಮಪ್ಪನ ಗುಡಿಗೇ ಇರಬೇಕು, ನನ್ನ ಆರೋಗ್ಯಕ್ಕೆ ಹರಕೆ ಹೊತ್ತಿರಬೇಕು. ಇಲ್ಲದ ಕಾಯಿಲೆಗೆ ಪಾಪದ ಹೆಂಗಸು ಉಪವಾಸ ಕೂತಿದ್ದಾಳೆ, ನಾನು ಕರಿದದ್ದು ಮೇಯುತ್ತಿದ್ದೇನೆ. ಅಂದು ಸಂಜೆ ಎರಡನೆಯ ಮಿರ್ಚಿ ಗಂಟಲಿನಲ್ಲಿ ಇಳಿಯಲಿಲ್ಲ. ಮೊದಲನೆಯದು ಇಳಿದಾಗಿತ್ತು.

ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿ ಎಲ್ಲ ಒಪ್ಪಿಕೊಂಡೆ. ಸರೋಜಾ ಸೋಸುತ್ತಿದ್ದ ಸೊಪ್ಪಿನಿಂದ ತಲೆಯನ್ನೂ ಎತ್ತಲಿಲ್ಲ. "ಗೊತ್ತೈತಿ ಬಿಡ್ರಿ. ಅಂಗಿ ಒಗಿಯಾಕಿ ನಾನೇ ಅಲ್ಲೇನು? ಎಣ್ಣಿ ವಾಸನಿ ಬರಂಗಿಲ್ಲೇನು?"

"ಮತ್ತ ನನ್ನ ಸಲುವಾಗಿ ಉಪವಾಸ ಯಾಕ ಮಾಡಿದಿ?"

"ನಿಮ್ಮ ಸಲುವಾಗಿ ಯಾರು ಮಾಡ್ಯಾರ?" ಈಗ ತಲೆ ಎತ್ತಿದಳು. "ಮೇಡಂ ಹೇಳಿದ್ದು ನೀವು ಕೇಳ್ಲಿಲ್ಲ, ನಾನು ಕೇಳಿದೆ. ದಿನಾ ಕಾಲುವಿ ದಂಡಿಗುಂಟ ನಡದು ನಾಕು ಕಿಲೋ ಇಳಿಸೀನಿ. ನೀವು ನೋಡೇ ಇಲ್ಲ."

ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ, ಹೆಂಡತಿ ಊಟ ಬಿಟ್ಟರೆ ಅದು ನನಗಾಗಿಯೇ ಎಂದು ಕಣ್ಣು ಒದ್ದೆ ಮಾಡಿಕೊಂಡೆನಲ್ಲ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ನನಗಿರುವ ಕೊಬ್ಬು ಯಾವ ಜಾತಿಯದೆಂದು ಪತ್ತೆ ಹಚ್ಚುವ ಲ್ಯಾಬು ಮನೆಯಲ್ಲೇ ಸೊಪ್ಪು ಸೋಸುತ್ತ ಕೂತಿತ್ತು.